ಹತ್ತು ಅಂಕಿಗಳ ಒಂದು ಸಂಖ್ಯೆ

ಕಳೆದ ಕಿರುಪರೀಕ್ಷೆಯಲ್ಲಿ ‘ಸಾಧಿಸಿರಿ’ ಎಂದಿದ್ದ ಒಂದು ಪ್ರಶ್ನೆಗೆ ನಾನು ನಾಲ್ಕು ಉದಾಹರಣೆಗಳನ್ನು ಬರೆದು, ‘ಆದುದರಿಂದ ಇದು ಸರ್ವತ್ರ ಸತ್ಯ’ ಎಂದು ಮುಗಿಸಿದ್ದೆ. ದೊರೆತದ್ದು ಸೊನ್ನೆ. ಉದಾಹರಣೆಗಳಲ್ಲಿ ಒಂದೂ ತಪ್ಪಿರಲಿಲ್ಲವಾದ್ದರಿಂದ ನನಗೆ ಬಹಳ ಅಸಮಾಧಾನವಾಯಿತು. ಅದನ್ನು ಕಳೆದದ್ದು ೪,೨೯,೪೯,೬೭,೨೯೭ ಎಂಬ ಸಂಖ್ಯೆ.

ಒಂದಕ್ಕಿಂತ ದೊಡ್ಡದಾಗಿದ್ದು, ಒಂದರಿಂದಲೂ ತನ್ನಿಂದಲೂ ಹೊರತು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗೆ ಅವಿಭಾಜ್ಯವೆಂದು ಹೆಸರು. ಈಗ ಎರಡನ್ನು ತೆಗೆದುಕೊಂಡು ಮೇಲಿಂದ ಮೇಲೆ ವರ್ಗ ಮಾಡುತ್ತ ಹೋಗೋಣ: ೨, ೪, ೧೬, ೨೫೬, ೬೫೫೩೬. ಪ್ರತಿಯೊಂದಕ್ಕೂ ಒಂದನ್ನು ಕೂಡಿಸಿದರೆ ೩, ೫, ೧೭, ೨೫೭, ೬೫೫೩೭ ಬರುತ್ತವೆ. ಐದೂ ಅವಿಭಾಜ್ಯಗಳೇ! ಈ ಸಾಲು ಎಷ್ಟು ಬೆಳೆದರೂ ಅವಿಭಾಜ್ಯಗಳೇ ಬರುವುವೆಂದು ಫ್ರಾನ್ಸಿನ ಗಣಿತಜ್ಞ ಫರ್ಮಾ ೧೬೪೦ರಲ್ಲಿ ನಂಬಿದ್ದನು. ಸಾಧನೆ ತನಗೆ ದೊರೆತಿಲ್ಲವೆಂದೂ ಒಪ್ಪಿಕೊಂಡಿದ್ದನು.

೬೫೫೩೬ನ್ನು ವರ್ಗ ಮಾಡಿ ಒಂದನ್ನು ಕೂಡಿಸಿದರೆ ನಮ್ಮ ಸಂಖ್ಯೆ ಬರುತ್ತದೆ. ಅದು ೨ರ ೩೨ನೆಯ ಘಾತಕ್ಕಿಂತ ಒಂದು ಹೆಚ್ಚು. ೧೭೩೨ರಲ್ಲಿ ಆಯ್ಲರನು ಇದು ೬೪೧ × ೬೭,೦೦,೪೧೭ ಎಂದು ತೋರಿಸಿದನು. ಫರ್ಮಾನ ನಂಬಿಕೆ ಆರನೆಯ ಹೆಜ್ಜೆಯಲ್ಲೇ ಮುರಿದುಬಿತ್ತು.

೬೪೧ ಸಿಕ್ಕುವ ಬಗೆ ಹೇಗೆ? ೩, ೫, ೭ ಎಂದು ಬೆಸ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತ ಹೋದರೆ ಅದು ೧೧೫ನೆಯ ಭಾಗಾಕಾರ. ಆದರೆ ಈ ಸಂಖ್ಯೆಗೆ ಅವಿಭಾಜ್ಯ ಭಾಜಕವಿದ್ದರೆ ಅದನ್ನು ೬೪ರಿಂದ ಭಾಗಿಸಿದಾಗ ಶೇಷ ೧ ಉಳಿಯಲೇಬೇಕೆಂದು ಆಯ್ಲರನು ಸಾಧಿಸಿದನು. ಅಂತಹ ಅವಿಭಾಜ್ಯಗಳು ಕ್ರಮವಾಗಿ ೧೯೩, ೨೫೭, ೪೪೯, ೫೭೭, ೬೪೧. ಐದನೆಯ ಭಾಗಾಕಾರಕ್ಕೇ ಫಲ!

ಭಾಗಾಕಾರವೇ ಇಲ್ಲದೆಯೂ ಇದನ್ನು ಸಾಧಿಸಬಹುದು. ೫ × ೧೨೮ = ೬೪೦; ಇದು ೬೪೧ಕ್ಕಿಂತ ಒಂದು ಕಡಮೆ. ಆದ್ದರಿಂದ ಇದರ ನಾಲ್ಕನೆಯ ಘಾತವು ೬೪೧ರ ಯಾವುದೋ ಒಂದು ಅಪವರ್ತ್ಯಕ್ಕಿಂತ ಒಂದು ಹೆಚ್ಚು. ೧೨೮ ಎಂದರೆ ೨ರ ೭ನೆಯ ಘಾತ. ಹಾಗಾಗಿ ಆ ನಾಲ್ಕನೆಯ ಘಾತವು ೬೨೫ × ೨ರ ೨೮ನೆಯ ಘಾತ. ೬೨೫ರ ಬದಲು ೬೪೧ − ೧೬ ಎಂದು ಬರೆಯಿರಿ. ೬೪೧ರ ಪಾಲು ಹೇಗೂ ಅಪವರ್ತ್ಯವೇ. ಉಳಿದ ೧೬ × ೨ರ ೨೮ನೆಯ ಘಾತ, ಎಂದರೆ ೨ರ ೩೨ನೆಯ ಘಾತ, ಅಪವರ್ತ್ಯಕ್ಕಿಂತ ಒಂದು ಕಡಮೆಯಾಗಿರಬೇಕು. ಅದಕ್ಕೆ ಒಂದನ್ನು ಕೂಡಿಸಿದರೆ ನಮ್ಮ ಸಂಖ್ಯೆ. ಅದು ೬೪೧ರ ಅಪವರ್ತ್ಯ.

ಈ ಸಾಲಿನಲ್ಲಿ ೬೫೫೩೭ರ ಆಚೆಗೆ ಇಂದಿನವರೆಗೂ ಇನ್ನೊಂದು ಅವಿಭಾಜ್ಯ ಸಿಕ್ಕಿಲ್ಲ. ‘ಹಾಗಾದರೆ ಮುಂದೆ ಒಂದೂ ಇಲ್ಲ’ ಎನ್ನಲು ನಾಲಗೆ ತವಕಿಸುತ್ತದೆ. ಆದರೆ ಅದನ್ನೂ ಯಾರೂ ಸಾಧಿಸಿಲ್ಲ. ಫರ್ಮಾನಂತಹವನನ್ನೇ ಐದು ಉದಾಹರಣೆಗಳು ದಾರಿ ತಪ್ಪಿಸಿದ ಮೇಲೆ ನನ್ನ ನಾಲ್ಕರ ಪಾಡೇನು? ಸೊನ್ನೆ ಕೊಟ್ಟ ಗುರುಗಳಿಗೆ ನಾನು ಋಣಿ.