ಗೋಡೆಗೆ ಬೂಷ್ಟು: ಪರೀಕ್ಷೆ ಯಾವಾಗ ಬೇಕು?

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಹರಿದ 2019ರ ಆಗಸ್ಟ್ ತಿಂಗಳನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹೊಳೆದಂಡೆಯ ಜನ ಮರೆತಿಲ್ಲ. 2021ರ ಜುಲೈನಲ್ಲಿ ಮತ್ತೆ ಅದೇ ಪಾಡು. ನೀರು ಇಳಿದ ಮೇಲೆ ಕೆಸರು ಬಳಿದುಹಾಕಿ, ಹಬ್ಬ ಹತ್ತಿರ ಬಂತೆಂದು ಅವಸರದಲ್ಲಿ ಸುಣ್ಣ ಹಚ್ಚುತ್ತೇವೆ. ಕೆಲವೇ ವಾರಗಳಲ್ಲಿ ಆ ಸುಣ್ಣದ ಮೇಲೆಯೇ ಕಪ್ಪು, ಹಸಿರು ಚುಕ್ಕೆಗಳು ಮೂಡುತ್ತವೆ. ಹೊಳೆಯಿಂದ ದೂರವಿರುವ ಮನೆಗಳಿಗೂ ಸೋರುವ ಮಾಳಿಗೆ, ಒಡೆದ ನಲ್ಲಿ ಕೊಳವೆ ಇದೇ ಕಾಟ ತರಬಲ್ಲವು.

ಬೂಷ್ಟು ಎಂದರೆ ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ, ತೇವ ಸಿಕ್ಕಲ್ಲಿ ಮೊಳೆಯುತ್ತವೆ. ನೆನೆದ ವಸ್ತು 24ರಿಂದ 48 ಗಂಟೆಗಳೊಳಗೆ ಒಣಗಿದರೆ ಸಾಮಾನ್ಯವಾಗಿ ಬೂಷ್ಟು ಹಿಡಿಯದು. ಆದರೆ ಕಲ್ಲು-ಮಣ್ಣಿನ ದಪ್ಪ ಗೋಡೆ ಒಣಗಲು ವಾರಗಳೇನು, ತಿಂಗಳುಗಳೇ ಬೇಕಾಗಬಹುದು. ಅಂಥ ಹಸಿ ಗೋಡೆಗೆ ಆಯಿಲ್ ಪೇಂಟ್ ಬಳಿಯುವುದೆಂದರೆ ನೀರನ್ನು ಒಳಗೆ ಕೂಡಿಹಾಕಿದಂತೆ.

‘ಇದು ಯಾವ ಜಾತಿಯದು, ಲ್ಯಾಬಿಗೆ ಕಳಿಸೋಣವೇ?’ ಎಂದು ನೀವು ಕೇಳಬಹುದು. ಬೂಷ್ಟು ಕಣ್ಣಿಗೆ ಕಂಡರೆ ಸಾಮಾನ್ಯವಾಗಿ ಆ ಖರ್ಚು ಬೇಡ. ಜಾತಿ ಯಾವುದಾದರೂ ಮಾಡಬೇಕಾದ ಕೆಲಸ ಒಂದೇ: ನೀರಿನ ಮೂಲ ನಿಲ್ಲಿಸುವುದು, ಒಣಗಿಸುವುದು, ತೊಳೆಯುವುದು. ಗಾಳಿಯಲ್ಲಿ ಇಷ್ಟು ಬೀಜಕಣಗಳಿದ್ದರೆ ಕ್ಷೇಮ ಎಂಬ ಅಂಕಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ 2009ರ ಮಾರ್ಗಸೂಚಿಯಲ್ಲಿ ಕೊಟ್ಟಿಲ್ಲ. ತೇವವನ್ನೇ ತಡೆಯಿರಿ ಎಂದಿದೆ.

ಹಾಗಾದರೆ ತಪಾಸಣೆ ಯಾವಾಗ? ಮುಗ್ಗಲು ವಾಸನೆ ಇದ್ದು ಬೂಷ್ಟು ಕಾಣದಿದ್ದಾಗ. ತೊಳೆದರೂ ಅದೇ ಜಾಗದಲ್ಲಿ ಮರಳಿ ಬಂದಾಗ. ನೆರೆ ಹೊಕ್ಕ ಮನೆಯನ್ನು ಕೊಳ್ಳುವ ಅಥವಾ ಬಾಡಿಗೆಗೆ ಹಿಡಿಯುವ ಮುನ್ನ. ಮನೆಯವರಿಗೆ ಒಳಗಿದ್ದಾಗ ಕೆಮ್ಮು, ಉಬ್ಬಸ ಹೆಚ್ಚಿ, ಪರ ಊರಿಗೆ ಹೋದಾಗ ಕಡಿಮೆಯಾಗುತ್ತಿದ್ದರೆ. ಆಗಲೂ ಮೊದಲು ಕರೆಯಬೇಕಾದವರು ಅನುಭವಿ ಗೌಂಡಿ ಅಥವಾ ಎಂಜಿನಿಯರ್. ನೆರೆಯಲ್ಲಿ ನೆನೆದ ಮಣ್ಣಿನ ಗೋಡೆಯಾದರೆ ಅದು ಬೀಳುವ ಸ್ಥಿತಿಯಲ್ಲಿದೆಯೇ ಎಂಬುದನ್ನೂ ಅವರೇ ನೋಡಬೇಕು. ಅಲ್ಲಿಯವರೆಗೆ ಅದರ ಬುಡದಲ್ಲಿ ಯಾರೂ ಮಲಗಬಾರದು.

ನೀವೇ ಮಾಡಬಹುದಾದ ಪರೀಕ್ಷೆಗಳೂ ಇವೆ. ಗೋಡೆಯ ಬಿಳಿ ಪುಡಿಗೆ ನೀರು ಹನಿಸಿರಿ. ಕರಗಿದರೆ ಅದು ಸವಳು, ಬೂಷ್ಟಲ್ಲ. ಅಂಗೈ ಎರಡರಷ್ಟು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಮುಚ್ಚುವಂತೆ ಟೇಪಿನಿಂದ ಅಂಟಿಸಿ ಎರಡು ದಿನ ಬಿಡಿ. ಒಳಮೈ ಬೆವರಿದ್ದರೆ ತೇವ ಗೋಡೆಯಲ್ಲಿದೆ, ಸುಣ್ಣಕ್ಕೆ ಅವಸರ ಬೇಡ. ಹೊರಮೈ ಬೆವರಿದ್ದರೆ ಕೋಣೆಯ ಗಾಳಿಯಲ್ಲಿ ತೇವ ಹೆಚ್ಚು, ಕಿಟಕಿ ತೆರೆಯಿರಿ.

ಒಂದು ಚಾಪೆಯಗಲದಷ್ಟು ಬೂಷ್ಟಿದ್ದರೆ ಮನೆಯವರೇ ತೆಗೆಯಬಹುದು. ಮೂಗಿಗೆ ಎನ್‌-95 ಮಾಸ್ಕ್ ಕಟ್ಟಿ (ಕರವಸ್ತ್ರ ಸಾಲದು), ಕೈಗವಸು ಹಾಕಿ, ಮೊದಲು ಒದ್ದೆ ಮಾಡಿ, ಸೋಪಿನ ನೀರಿನಿಂದ ಉಜ್ಜಿರಿ. ಒಣಗಿದ್ದನ್ನು ಕೆರೆದರೆ ಬೀಜಕಣ ಮನೆಯೆಲ್ಲ ಹಾರುತ್ತದೆ. ಬ್ಲೀಚಿಂಗ್ ದ್ರಾವಣಕ್ಕೆ ಶೌಚಾಲಯ ತೊಳೆಯುವ ಆಸಿಡ್ ಬೆರೆಸಿದರೆ ವಿಷಾನಿಲ ಏಳುತ್ತದೆ, ಎಂದಿಗೂ ಬೆರೆಸಬೇಡಿ. ನೆರೆನೀರು ಕುಡಿದ ಹತ್ತಿ ಗಾದಿಯ ಮೇಲೆ ಎಷ್ಟೇ ಮಮತೆಯಿದ್ದರೂ ಎಸೆಯಲೇಬೇಕು. ಆಸ್ತಮಾ ಇರುವವರು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಈ ಕೆಲಸಕ್ಕೆ ಇಳಿಯದೆ, ಅದು ಮುಗಿಯುವವರೆಗೆ ಬೇರೆ ಕಡೆ ಇರಲಿ.

ಇನ್ನೊಂದು ಮಾತು. ಕೆಮ್ಮು ಎರಡು ವಾರ ದಾಟಿದರೆ ಎಲ್ಲವನ್ನೂ ಬೂಷ್ಟಿನ ತಲೆಗೆ ಕಟ್ಟಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಕಫ ಪರೀಕ್ಷೆ ಉಚಿತ. ಗೋಡೆ ಒಣಗುವವರೆಗೆ ಕಾಯದೆ ಅಲ್ಲಿಗೆ ಹೋಗಿ, ಮನೆಯಲ್ಲಿ ತೇವವಿರುವುದನ್ನೂ ವೈದ್ಯರಿಗೆ ತಿಳಿಸಿರಿ.