ಹಗುರವಾದ ಹಿಮಲೋಕಗಳು

ನಮ್ಮ ತಂದೆಯವರು ರೇಷ್ಮೆ ಬೆಳೆಯುವವರು. ಗೂಡಿನ ಚೀಲಗಳೊಡನೆ ರಾಮನಗರದ ಮಾರುಕಟ್ಟೆಗೆ ಹೋದಾಗಲೆಲ್ಲ ಒಂದು ಸಂಗತಿಯನ್ನು ಕಂಡಿದ್ದೇನೆ. ಚೀಲ ದೊಡ್ಡದಾಗಿ ಕಂಡರೂ ಕೆಲವು ಸಲ ತೂಕಕ್ಕೆ ಬರುವುದಿಲ್ಲ. ಗೂಡುಗಳ ನಡುವೆ ಗಾಳಿ ಹೆಚ್ಚಿರಬಹುದು, ಇಲ್ಲವೆ ಗೂಡಿನೊಳಗಿನ ಹುಳುವೇ ಸಣ್ಣದಿರಬಹುದು. ಹಗುರವೊಂದೇ, ಕಾರಣಗಳು ಎರಡು. ಸೌರವ್ಯೂಹದ ಅಂಚಿನಲ್ಲಿ ಖಗೋಳ ವಿಜ್ಞಾನಿಗಳನ್ನು ಕಾಡುತ್ತಿರುವ ಪ್ರಶ್ನೆಯೂ ಇದೇ. ಕಲಾ ವಿಭಾಗದ ವಿದ್ಯಾರ್ಥಿಗೆ ಈ ಗೊಡವೆ ಏಕೆಂದು ಮಿತ್ರರು ನಗಬಹುದು. ಆದರೂ ತಿಳಿದಷ್ಟನ್ನು ನಿವೇದಿಸುತ್ತೇನೆ.

ಒಂದು ಘನ ಸೆಂಟಿಮೀಟರ್ ವಸ್ತು ಎಷ್ಟು ಗ್ರಾಂ ತೂಗುವುದೋ ಅದೇ ಅದರ ಸಾಂದ್ರತೆ. ನೀರಿನದು 1, ಮಂಜುಗಡ್ಡೆಯದು ಸುಮಾರು 0.92. ಮಾಗಡಿಯ ಸಾವನದುರ್ಗದಂತಹ ಕಗ್ಗಲ್ಲಿನದು ಸುಮಾರು 2.7, ಆದುದರಿಂದ ಆ ಕಲ್ಲು ಕೆರೆಯಲ್ಲಿ ಮುಳುಗುತ್ತದೆ, ಚನ್ನಪಟ್ಟಣದ ಮರದ ಗೊಂಬೆ ತೇಲುತ್ತದೆ.

ನೆಪ್ಚೂನಿನ ಆಚೆ ಹಿಮ ಮತ್ತು ಕಲ್ಲುಗಳಿಂದಾದ ಅಸಂಖ್ಯ ಕಾಯಗಳು ಸೂರ್ಯನನ್ನು ಸುತ್ತುತ್ತಿವೆ. 1930ರಲ್ಲಿ ಕಂಡುಬಂದ ಪ್ಲೂಟೋ ಇವುಗಳಲ್ಲಿ ಪ್ರಸಿದ್ಧವಾದುದು. ಅದರ ವ್ಯಾಸ ಸುಮಾರು 2,376 ಕಿಲೋಮೀಟರ್, ಸಾಂದ್ರತೆ ಸುಮಾರು 1.85. ಎಂದರೆ ಅದರ ತೂಕದಲ್ಲಿ ಹೆಚ್ಚಿನ ಪಾಲು ಕಲ್ಲು. ಆದರೆ ಸುಮಾರು 650 ಕಿಲೋಮೀಟರ್ ವ್ಯಾಸದ '2002 ಯುಎಕ್ಸ್ 25' ಎಂಬ ಕಾಯದ ಸಾಂದ್ರತೆ ಕೇವಲ 0.82 ಎಂದು ಮೈಕೇಲ್ ಬ್ರೌನ್ ಎಂಬ ವಿಜ್ಞಾನಿ 2013ರಲ್ಲಿ ಪ್ರಕಟಿಸಿದರು. ಅಷ್ಟು ದೊಡ್ಡ ಲೋಕ ನೀರಿನ ಮೇಲೆ ತೇಲಬಲ್ಲದು!

ಅಷ್ಟು ದೂರದ ವಸ್ತುವನ್ನು ತೂಗುವುದು ಹೇಗೆ? ಅದಕ್ಕೊಂದು ಉಪಗ್ರಹವಿದ್ದರೆ, ಅದು ಎಷ್ಟು ದೂರದಲ್ಲಿ, ಎಷ್ಟು ದಿನಕ್ಕೊಮ್ಮೆ ಸುತ್ತುತ್ತದೆ ಎಂಬುದರಿಂದ ತೂಕ ಸಿಗುತ್ತದೆ. ಗಾತ್ರ ತಿಳಿಯಲು ಅದು ಹೊರಸೂಸುವ ಶಾಖವನ್ನು ಅಳೆಯುತ್ತಾರೆ; ಅಥವಾ ಅದು ಒಂದು ನಕ್ಷತ್ರಕ್ಕೆ ಅಡ್ಡಬಂದು ಎಷ್ಟು ಹೊತ್ತು ಮರೆಮಾಡಿತೆಂದು ಎಣಿಸುತ್ತಾರೆ. ಈ ಎರಡನೆಯ ವಿಧಾನ ನಮ್ಮವರಿಗೆ ಹೊಸದಲ್ಲ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರಕ್ಕೆ ಅಡ್ಡಬಂದಾಗ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಿಂದ ಅದನ್ನು ವೀಕ್ಷಿಸಿದ್ದರು. ಅದೇ ಘಟನೆಯಿಂದ ಯುರೇನಸ್ಸಿನ ಉಂಗುರಗಳು ಲೋಕಕ್ಕೆ ತಿಳಿದವು. ಅಳತೆಯಲ್ಲಿ ಎಚ್ಚರ ಬೇಕು: ವ್ಯಾಸದಲ್ಲಿ ನೂರಕ್ಕೆ ಹತ್ತು ಹೆಚ್ಚಾದರೆ ಗಾತ್ರ ನೂರಕ್ಕೆ ಮೂವತ್ತಮೂರು ಹೆಚ್ಚುತ್ತದೆ.

ಈಗ ಒಗಟು. ಈ ಕಾಯದಲ್ಲಿಯೂ ಪ್ಲೂಟೋವಿನಷ್ಟೇ ಕಲ್ಲಿದೆ ಎನ್ನೋಣ. ಹಾಗಾದರೆ 0.82ಕ್ಕೆ ಇಳಿಯಲು ಅದರ ಅರ್ಧಕ್ಕಿಂತ ಹೆಚ್ಚು ಭಾಗ ಬರಿಯ ಪೊಳ್ಳಾಗಿರಬೇಕು. ತನ್ನ ಭಾರಕ್ಕೆ ತಾನೇ ಕುಸಿಯದೆ ಅಷ್ಟು ಪೊಳ್ಳು ಉಳಿದೀತೆ? ಪೊಳ್ಳಲ್ಲ, ಕಲ್ಲೇ ಕಡಿಮೆ ಎನ್ನೋಣ. ಚಿಕ್ಕವು ಕೂಡಿಯೇ ದೊಡ್ಡವು ಆದವೆಂಬುದಾದರೆ, ದೊಡ್ಡವುಗಳಿಗೆ ಅಷ್ಟು ಕಲ್ಲು ಎಲ್ಲಿಂದ ಬಂತು?

ಅತಿಶೀತದಲ್ಲಿ ಹಿಮವೇ ಕಲ್ಲಿನಂತೆ ಗಟ್ಟಿಯಾಗುವುದರಿಂದ ಪೊಳ್ಳು ಉಳಿಯಬಹುದು, ದೊಡ್ಡ ಕಾಯಗಳು ಒಳಗಿನ ವಿಕಿರಣದ ಶಾಖದಿಂದ ಮೆತ್ತಗಾಗಿ ಅಡಕವಾಗಿರಬಹುದು ಎಂಬುದು ಒಂದು ಪಕ್ಷ. ದೊಡ್ಡವು ಬೆಳೆಯುವಾಗ ಕಲ್ಲಿನ ಕಣಗಳನ್ನೇ ಹೆಚ್ಚಾಗಿ ಸೆಳೆದುಕೊಂಡವು ಎಂಬುದು ಇನ್ನೊಂದು. ವಾದ ತೀರಿಲ್ಲ.

ಇದು ಕೇವಲ ಅಂಕಿಗಳ ಆಟವಲ್ಲ. ಗ್ರಹಗಳು ಹುಟ್ಟಿದ ಬಗೆಗೆ ಈ ಹಗುರವೇ ಸಾಕ್ಷಿ. ಗೂಡು ಹಗುರವೆಂದರೆ ನಮ್ಮ ತಂದೆಯವರು ಬೆಲೆ ಬೀಳುವುದೆಂದು ನೊಂದು ಸುಮ್ಮನಾಗುವುದಿಲ್ಲ. ಮನೆಗೆ ಬಂದು, ಸೊಪ್ಪು ಕಡಿಮೆಯಾಯಿತೆ, ಹುಳುವಿಗೆ ರೋಗ ತಗುಲಿತೆ ಎಂದು ಹುಡುಕುತ್ತಾರೆ. ವಿಜ್ಞಾನಿಯ ಕೆಲಸವೂ ಅದೇ ಎಂದು ನನಗೆ ತೋರುತ್ತದೆ.