‘ಶಬ್ದ’ ಪಾಠದ ದಿನ ಮೂಕವಾದ ಲ್ಯಾಪ್‌ಟಾಪ್

ತರಗತಿ: 8. ವಿಷಯ: ವಿಜ್ಞಾನ. ಘಟಕ: ಶಬ್ದ. ಕಲಿಕಾಂಶ: ಆವೃತ್ತಿ ಹೆಚ್ಚಿದಂತೆ ಸ್ಥಾಯಿ ಏರುತ್ತದೆ.

ಬೈರಮಂಗಲದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ನಾನು ಮಾಡಿದ ಎರಡು ಪಾಠಗಳ ವರದಿ ಇದು. ಮೊದಲನೆಯದು ಕೆಟ್ಟಿತು. ಒಡಾಸಿಟಿ ತಂತ್ರಾಂಶದಲ್ಲಿ 220, 440, 880 ಹರ್ಟ್ಸ್ ಸ್ವರಗಳನ್ನು ಸಿದ್ಧಮಾಡಿಕೊಂಡು ಹೋಗಿದ್ದೆ. ಪ್ಲೇ ಒತ್ತಿದೆ. ತೆರೆಯ ಮೇಲೆ ಅಲೆ ಓಡಿತು, ಶಬ್ದ ಮಾತ್ರ ಬರಲಿಲ್ಲ. “ಮಿಸ್, ಲ್ಯಾಪ್‌ಟಾಪ್‌ಗೆ ಗಂಟಲು ಕಟ್ಟಿದೆ” ಎಂದ ಹಿಂದಿನ ಬೆಂಚಿನ ಹುಡುಗ. ನಾನು ಗಾಬರಿಯಲ್ಲಿ ವಾಲ್ಯೂಮ್ ಏರಿಸಿದೆ, ಇಯರ್‌ಫೋನ್ ಚುಚ್ಚಿ ತೆಗೆದೆ, ಸೆಟ್ಟಿಂಗ್ಸ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಬದಲಿಸಿದೆ. ಹತ್ತು ನಿಮಿಷ ಹೋಯಿತು. ವೀಕ್ಷಕರು ‘ಪರ್ಯಾಯ ಉಪಕರಣವಿಲ್ಲ’ ಎಂದು ಬರೆದರು. ಮೇಜಿನ ಅಂಚಿಗೆ ಒಂದು ಸ್ಟೀಲ್ ಸ್ಕೇಲ್ ಒತ್ತಿಹಿಡಿದು ಮೀಟಿದ್ದರೂ ಪಾಠ ನಡೆಯುತ್ತಿತ್ತು.

ರಾತ್ರಿ ಕೋಣೆಯಲ್ಲಿ ಕುಳಿತು ಒಂದೇ ಪ್ರಶ್ನೆ ಕೇಳಿಕೊಂಡೆ: ನಿನ್ನೆಗೂ ಇವತ್ತಿಗೂ ಬದಲಾದದ್ದು ಏನು? ಹಿಂದಿನ ದಿನ ಉಬುಂಟು 22.04ರ ಕರ್ನೆಲನ್ನು 5.15ರಿಂದ 6.8ಕ್ಕೆ ಏರಿಸಿದ್ದೆ. ಕರ್ನೆಲ್ ಎಂದರೆ ಯಂತ್ರಾಂಶಕ್ಕೂ ತಂತ್ರಾಂಶಕ್ಕೂ ನಡುವೆ ನಿಲ್ಲುವ ಭಾಗ. ಸೌಂಡ್ ಕಾರ್ಡ್ ನಡೆಸುವ ಡ್ರೈವರ್‌ಗಳು ಅದರ ಜೊತೆಗೇ ಬರುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್ ಹೆಸರಿನ ಬದಲು ‘ಡಮ್ಮಿ ಔಟ್‌ಪುಟ್’ ಎಂದಿತ್ತು. ಅಂದರೆ ಸ್ವರ ಯಾವ ಸ್ಪೀಕರಿಗೂ ಹೋಗುತ್ತಿರಲಿಲ್ಲ. ಅಲೆ ಓಡಿದರೂ ಕೇಳಿಸದಿದ್ದುದು ಅದಕ್ಕೇ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ ಆಜ್ಞೆ ಕೊಟ್ಟರೆ ಆಡಿಯೊ ಸಾಧನ ಪಟ್ಟಿಯಲ್ಲಿ ಕಾಣುತ್ತದೆ, ‘ಎಪ್ಲೇ -ಎಲ್’ ಕೊಟ್ಟರೆ ಸೌಂಡ್ ಕಾರ್ಡೇ ಇಲ್ಲ ಎನ್ನುತ್ತದೆ. ಸಾಧನ ಇದೆ, ಅದನ್ನು ಮಾತಾಡಿಸುವ ಡ್ರೈವರ್ ಇಲ್ಲ. ವೈಫೈ ಕೂಡ ಸತ್ತಿದ್ದುದು ಇನ್ನೊಂದು ಸುಳಿವು.

ಮಷಿನ್ ಮತ್ತೆ ಆನ್ ಮಾಡುವಾಗ ಎಸ್ಕೇಪ್ ಕೀ ಒತ್ತಿ, ಗ್ರಬ್ ಪಟ್ಟಿಯ ‘ಅಡ್ವಾನ್ಸ್‌ಡ್ ಆಪ್ಶನ್ಸ್’ನಲ್ಲಿ ಹಳೆಯ 5.15 ಆರಿಸಿದೆ. ಶಬ್ದ ಬಂತು, ವೈಫೈಯೂ ಬಂತು. ತಪ್ಪು ನನ್ನದೇ. ಮೊಬೈಲ್ ಡೇಟಾ ಉಳಿಸಲೆಂದು ಕರ್ನೆಲ್‌ನ ಮುಖ್ಯ ಪ್ಯಾಕೇಜನ್ನಷ್ಟೇ ಹಾಕಿದ್ದೆ. ಉಬುಂಟುವಿನಲ್ಲಿ ಬಹಳಷ್ಟು ಡ್ರೈವರ್‌ಗಳು ‘ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ’ ಎಂಬ ಬೇರೆ ಪ್ಯಾಕೇಜಿನಲ್ಲಿರುತ್ತವೆ, ಅದನ್ನು ಅದೇ ಆವೃತ್ತಿಸಂಖ್ಯೆಗೆ ಹೊಂದುವಂತೆ ಹಾಕಬೇಕು.

ಆದರೆ ಆ ರಾತ್ರಿ ನಾನದನ್ನು ಹಾಕಲಿಲ್ಲ. ಕೆಟ್ಟ ಸ್ಥಿತಿಯಲ್ಲೇ ಶಾಲೆಗೆ ಒಯ್ದೆ. ವೀಕ್ಷಕರು ಮತ್ತೆ ಬರುವವರಿದ್ದರು, ಅಳುಕು ಇದ್ದೇ ಇತ್ತು. ಈ ಸಲ ಚೀಲದಲ್ಲಿ ಸ್ಟೀಲ್ ಸ್ಕೇಲ್ ಇತ್ತು.

ಹಲಗೆಯ ಮೇಲೆ ದಾರಿ ಬರೆದೆ: ಕಡತ, ಒಡಾಸಿಟಿ, ಡ್ರೈವರ್, ಸ್ಪೀಕರ್, ಗಾಳಿ, ಕಿವಿ. ಎಲ್ಲಿ ಕಡಿದಿದೆ ಎಂದು ಕೇಳಿದೆ. ಹೆಚ್ಚಿನವರು ಸ್ಪೀಕರ್ ಎಂದರು. ಹಳೆಯ ಕರ್ನೆಲ್‌ನಲ್ಲಿ ತೆರೆಯುವ ಮೊದಲು, ಏನಾದೀತು ಎಂದು ಊಹೆ ಬರೆಸಿದೆ. “ಹಳೇದ್ರಲ್ಲಿ ಬಂದ್ರೆ ಸ್ಪೀಕರ್ ಕೆಟ್ಟಿಲ್ಲ ಅಂತಾಯ್ತಲ್ಲ ಮಿಸ್” ಎಂದಳು ಒಬ್ಬ ಹುಡುಗಿ. ನಿಯಂತ್ರಿತ ಪ್ರಯೋಗವನ್ನು ವಿವರಿಸಲು ನಾನು ಬರೆದುಕೊಂಡಿದ್ದ ಅರ್ಧ ಪುಟಕ್ಕಿಂತ ಆ ಮಾತು ಚೆನ್ನಾಗಿತ್ತು. ಆಮೇಲೆ ಮೂರು ಸ್ವರಗಳನ್ನೂ ಕೇಳಿಸಿದೆ, ಸ್ಕೇಲನ್ನು ಉದ್ದ, ಗಿಡ್ಡ ಮಾಡಿ ಮೀಟಿಸಿದೆ. ಮಷಿನ್ ಎರಡು ಸಲ ತೆರೆಯುವಷ್ಟರಲ್ಲಿ ಸಮಯ ಹೋಗಿ, ಮೌಲ್ಯಮಾಪನ ಎರಡೇ ಪ್ರಶ್ನೆಗೆ ನಿಂತಿತು.

ನಮ್ಮ ರಾಜ್ಯದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಬಳಕೆಯಾಗಿದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಲಿನಕ್ಸ್ ಬಳಸುತ್ತವೆ. ಹಾಗಾಗಿ ಸಹಪಾಠಿಗಳಿಗೆ ಒಂದು ಮಾತು: ಪಾಠದ ಹಿಂದಿನ ದಿನ ಕರ್ನೆಲ್ ಏರಿಸಬೇಡಿ, ಹೊಸದರಲ್ಲಿ ಎಲ್ಲ ಸರಿಯಿದೆ ಎಂದು ನೋಡುವವರೆಗೆ ಹಳೆಯದನ್ನು ತೆಗೆಯಬೇಡಿ.

ಸಂಜೆ ಆ ಪ್ಯಾಕೇಜ್ ಹಾಕಿದೆ. ಮರುವಾರ ಹೊಸ ಕರ್ನೆಲ್‌ನಲ್ಲೇ ಹೋದಾಗ, ಗಂಟಲು ಕಟ್ಟಿದೆ ಎಂದಿದ್ದ ಹುಡುಗ 20 ಹರ್ಟ್ಸ್ ಕೇಳಿಸಲು ಹೇಳಿದ. ಒತ್ತಿದೆ, ಏನೂ ಕೇಳಿಸಲಿಲ್ಲ. “ಮತ್ತೆ ಡ್ರೈವರ್ ಹೋಯ್ತಾ ಮಿಸ್?” 440 ಹಾಕಿ ನೋಡೋಣ ಎಂದು ಅವನೇ ಎದ್ದು ಬಂದ. ಅದು ಕೇಳಿಸಿತು. ಇಷ್ಟು ಚಿಕ್ಕ ಸ್ಪೀಕರ್ ಅಷ್ಟು ನಿಧಾನದ ಕಂಪನಕ್ಕೆ ಸಾಕಷ್ಟು ಗಾಳಿ ತಳ್ಳಲಾರದು ಎಂಬಲ್ಲಿಂದ ಅಂದಿನ ಪಾಠ ಶುರುವಾಯಿತು.